ತೋಟದ ಮಣ್ಣಿಂದ ಆಂಟಿಬಯೋಟಿಕ್ ಮಾಡೋ ಜೀವಿ ಹಿಡಿಯೋದು ಹೇಗೆ: ಚಿಕ್ಕಮಗಳೂರು ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮೂರ ಗೊಬ್ಬರದ ಅಂಗಡಿಯ ಕಪಾಟನ್ನ ಒಂದ್ಸಲ ಸರಿಯಾಗಿ ನೋಡಿ. ಗದ್ದೆಯ ಬೆಂಕಿ ರೋಗಕ್ಕೆ ಕೊಡೋ ಕಸುಗಾಮೈಸಿನ್, ಕವಚ ಅಂಗಮಾರಿಗೆ ಕೊಡೋ ವ್ಯಾಲಿಡಾಮೈಸಿನ್, ಎಲೆಕೋಸಿನ ಹುಳಕ್ಕೆ ಸ್ಪಿನೋಸ್ಯಾಡ್, ಮೆಣಸಿನಕಾಯಿ ಹುಳಕ್ಕೆ ಎಮಾಮೆಕ್ಟಿನ್, ಇವೆಲ್ಲ ಮೂಲದಲ್ಲಿ ಯಾವ್ದೋ ಊರಿನ ಮಣ್ಣಲ್ಲಿದ್ದ ಬ್ಯಾಕ್ಟೀರಿಯಾ ಮಾಡಿದ ಸರಕು. ಕಸುಗಾಮೈಸಿನ್ ಹೆಸರೇ ಜಪಾನಿನ ನಾರಾ ಊರಿನ ಕಸುಗಾ ದೇವಸ್ಥಾನದ್ದು, ಅಲ್ಲಿನ ಮಣ್ಣಿಂದ ಬಂದಿದ್ದಕ್ಕೆ. ಎಮಾಮೆಕ್ಟಿನ್‌ನ ಮೂಲಜೀವಿ ಜಪಾನಿನ ಇಟೋ ಅನ್ನೋ ಊರಲ್ಲಿ ಗಾಲ್ಫ್ ಮೈದಾನದ ಹತ್ರ ಸಿಕ್ಕಿದ್ದು, ಅದನ್ನ ಹಿಡಿದ ಸತೋಶಿ ಓಮುರಾಗೆ 2015ರಲ್ಲಿ ನೊಬೆಲ್ ಬಂತು. ಪಕ್ಕದ ಮೆಡಿಕಲ್ ಶಾಪಿಗೆ ಹೋದ್ರೆ ಅಲ್ಲೂ ಅದೇ ಕಥೆ, ಎರಿಥ್ರೊಮೈಸಿನ್ ಫಿಲಿಪೈನ್ಸ್ ಮಣ್ಣು, ವ್ಯಾಂಕೊಮೈಸಿನ್ ಬೋರ್ನಿಯೋ ಮಣ್ಣು. ನಮ್ಮ ದೇಶದ್ದೂ ಇದೆ, ಪುಣೆ ಹತ್ರ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಎಂ.ಜೆ. ತಿರುಮಲಾಚಾರ್ ಅವ್ರ ತಂಡ ಹಿಡಿದ ಹ್ಯಾಮೈಸಿನ್, ಶಿಲೀಂಧ್ರಕ್ಕೆ ಔಷಧಿ.

ಹಾಗಾದ್ರೆ ನಮ್ಮ ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಾಫಿ ಗಿಡದ ಬುಡದಲ್ಲಿ ಏನಿದೆ? ಅದನ್ನ ನೋಡೋ ವಿಧಾನ ಬರೀತಿದೀನಿ. ಬಿಎಸ್ಸಿ, ಎಂಎಸ್ಸಿ ಮೈಕ್ರೋಬಯಾಲಜಿ ಪ್ರಾಜೆಕ್ಟ್ ಮಾಡೋ ಮಕ್ಕಳನ್ನ ಮನಸಲ್ಲಿಟ್ಕೊಂಡು ಬರೆದಿದ್ದು, ಆದ್ರೆ ಕುತೂಹಲ ಇರೋ ತೋಟದವ್ರೂ ಓದ್ಬೋದು. ಮಣ್ಣು ತರೋದು ಒಣಗಿಸೋದು ಮನೇಲೇ ಆಗತ್ತೆ, ಪ್ಲೇಟ್ ಹಾಕೋ ಕೆಲಸ, ಅಂದ್ರೆ ತಟ್ಟೇಲಿ ಊಟ ಇಟ್ಟು ಜೀವಿ ಬೆಳೆಸೋದು, ಮಾತ್ರ ಕಾಲೇಜ್ ಲ್ಯಾಬಲ್ಲೇ ಆಗ್ಬೇಕು, ಅಡುಗೆಮನೇಲಿ ಬೇಡವೇ ಬೇಡ.

ಮೊದ್ಲು ಇದು ತಲೆಗೆ ಹೋಗ್ಬೇಕು: ಹೊಟ್ಟೆ ತುಂಬಿದವ್ರು ಕೆಲಸ ಮಾಡಲ್ಲ

ನಾವು ಹುಡುಕ್ತಿರೋದು ಮುಖ್ಯವಾಗಿ ಸ್ಟ್ರೆಪ್ಟೊಮೈಸಿಸ್ ಅನ್ನೋ ಗುಂಪನ್ನ. ಬ್ಯಾಕ್ಟೀರಿಯಾನೇ, ಆದ್ರೆ ಬೂಸ್ಟಿನ ತರ ಎಳೆ ಎಳೆಯಾಗಿ ಬೆಳೆಯತ್ತೆ. ಮೊದಲ ಮಳೆಗೆ ಬರೋ ಮಣ್ಣಿನ ವಾಸನೆ ಇದೆಯಲ್ಲ, ಅದು ಬಹುಪಾಲು ಇವು ಮಾಡೋ ಜಿಯೋಸ್ಮಿನ್ ಅನ್ನೋ ವಸ್ತುವಿಂದು, ಒಂದು ಲೀಟರ್ ನೀರಲ್ಲಿ 10 ನ್ಯಾನೋಗ್ರಾಂ ಇದ್ರೂ ನಮ್ಮ ಮೂಗಿಗೆ ಗೊತ್ತಾಗತ್ತೆ. ಆ ವಾಸನೆಗೆ ಮಣ್ಣಿನ ಸ್ಪ್ರಿಂಗ್‌ಟೇಲ್ ಅನ್ನೋ ಪುಟ್ಟ ಹುಳ ಬಂದು ತಿಂದು ಬೀಜಕಣ ಹೊತ್ಕೊಂಡು ಬೇರೆ ಕಡೆ ಹೋಗತ್ತೆ ಅಂತ 2020ರಲ್ಲಿ ತೋರಿಸಿದಾರೆ.

ಇದರ ಜೀವನ ಹೀಗೆ: ಬೀಜಕಣ ಮೊಳೆಯತ್ತೆ, ಎಳೆಗಳು ಮಣ್ಣೊಳಗೆ ಹರಡ್ತವೆ, ತಿನ್ನೋಕೆ ಇರೋವರೆಗೂ ತಿಂದು ಬೆಳೀತವೆ ಅಷ್ಟೇ, ಆಂಟಿಬಯೋಟಿಕ್ ಗಿಂಟಿಬಯೋಟಿಕ್ ಏನೂ ಇಲ್ಲ. ತಿನ್ನೋದು ಮುಗೀತಾ ಬಂದಾಗ ಹಳೇ ಎಳೆಗಳು ತಮ್ಮನ್ನೇ ಕರಗಿಸ್ಕೊಂಡು, ಆ ಸಾರದ ಮೇಲೆ ಗಾಳಿಗೆ ಹೊಸ ಎಳೆ ಎಬ್ಬಿಸಿ, ತುದೀಲಿ ಮತ್ತೆ ಬೀಜಕಣ ಕಟ್ತವೆ. ಮೈ ಕರಗಿ ಪೌಷ್ಟಿಕಾಂಶ ಹೊರಗೆ ಸೋರೋ ಆ ಹೊತ್ತಲ್ಲಿ ಸುತ್ತಮುತ್ತ ಇರೋ ಬ್ಯಾಕ್ಟೀರಿಯಾ ಎಲ್ಲ ಊಟಕ್ಕೆ ಬಂದ್ಬಿಡ್ತವೆ ನೋಡಿ, ಆವಾಗ್ಲೇ ಇವು ಆಂಟಿಬಯೋಟಿಕ್ ಬಿಡೋದು. ಕಾವಲಿಗೆ ಅಂತ ಬಹಳಷ್ಟು ಜನ ಹೇಳ್ತಾರೆ, ತುಂಬ ಕಮ್ಮಿ ಪ್ರಮಾಣದಲ್ಲಿ ಪಕ್ಕದವ್ರಿಗೆ ಸುದ್ದಿ ಕಳಿಸೋಕೂ ಬಳಕೆ ಆಗಬಹುದು ಅಂತ ಇನ್ನು ಕೆಲವ್ರು. ಎರಡೂ ಇರ್ಬೋದು ಅಂತ ನನಗೆ ಅನ್ಸೋದು.

ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್ ಉದಾಹರಣೆ ತಗೊಳ್ಳಿ. ಅದು ಎ-ಫ್ಯಾಕ್ಟರ್ ಅನ್ನೋ ಸಣ್ಣ ಅಣುವನ್ನ ಹೊರಗೆ ಬಿಡ್ತಾ ಇರತ್ತೆ. ಜನ ಜಾಸ್ತಿ ಆದಷ್ಟೂ ಅದೂ ಜಾಸ್ತಿ ಆಗಿ ಒಂದು ಮಟ್ಟ ದಾಟಿದಾಗ ಜೀನ್ ಮೇಲೆ ಕೂತಿದ್ದ ತಡೆಯನ್ನ ಎಬ್ಬಿಸ್ಬಿಡತ್ತೆ, ಒಂದ್ರ ಹಿಂದೆ ಒಂದು ಸ್ವಿಚ್ ಬಿದ್ದು ಸ್ಟ್ರೆಪ್ಟೊಮೈಸಿನ್ ಅನ್ನೋ ಆಂಟಿಬಯೋಟಿಕ್ ತಯಾರಿ ಶುರು. ತಾನು ಮಾಡಿದ ವಿಷಕ್ಕೆ ತಾನೇ ಸಾಯ್ಬಾರ್ದಲ್ಲ, ಅದಕ್ಕೆ ಒಳಗಿರೋವಾಗ ಆ ಅಣುವಿಗೆ ಒಂದು ಫಾಸ್ಫೇಟ್ ಅಂಟಿಸಿ ಬೀಗ ಹಾಕಿರತ್ತೆ, ಹೊರಗೆ ಹೋದ್ಮೇಲೆ ಇನ್ನೊಂದು ಕಿಣ್ವ ಬೀಗ ತೆಗೆಯತ್ತೆ. ಆಂಟಿಬಯೋಟಿಕ್ ರೆಸಿಸ್ಟೆನ್ಸ್, ಅಂದ್ರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗಲ್ಲ ಅಂತ ಆಸ್ಪತ್ರೇಲಿ ತಲೆ ಕೆಡಿಸ್ಕೊಳ್ತಾರಲ್ಲ, ಅದರ ಹಳೇ ಮನೆಗಳಲ್ಲಿ ಇದೂ ಒಂದು.

ಇನ್ನು ಅಣು ಕಟ್ಟೋ ರೀತಿ. ಹಾಸನ ಚಿಕ್ಕಮಗಳೂರಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ನೋಡಿರ್ತೀರಿ. ಒಂದು ಮಷೀನು ಕಲ್ಲು ತೆಗೆಯತ್ತೆ, ಮುಂದಿನದು ಸಿಪ್ಪೆ ಬಿಡಿಸತ್ತೆ, ಅದರ ಮುಂದಿನದು ಗ್ರೇಡ್ ಮಾಡತ್ತೆ, ಬೀಜ ಸಾಲಾಗಿ ಸಾಗ್ತಾ ಹೋಗತ್ತೆ. ಎರಿಥ್ರೊಮೈಸಿನ್ ಮಾಡೋ ಸ್ಯಾಕರೊಪಾಲಿಸ್ಪೋರಾ ಎರಿಥ್ರಿಯಾದಲ್ಲೂ ಹಾಗೇ, 3 ದೈತ್ಯ ಪ್ರೋಟೀನು, ಅದ್ರಲ್ಲಿ ಒಟ್ಟು 6 ಕಟ್ಟೆ, ಒಂದೊಂದೂ ಒಂದು ಮಷೀನಿದ್ದ ಹಾಗೆ. 3 ಕಾರ್ಬನ್ನಿನ ಒಂದು ತುಂಡಿಂದ ಶುರು, ಪ್ರತಿ ಕಟ್ಟೇಲೂ ಸರಪಳಿಗೆ 2 ಕಾರ್ಬನ್ ಉದ್ದ ಸೇರತ್ತೆ, ಪಕ್ಕಕ್ಕೊಂದು ಮೀಥೈಲ್ ಗೊಂಚಲು, ಕೊನೇಲಿ ಸರಪಳಿ ಬಗ್ಗಿ 14 ಪರಮಾಣುವಿನ ಉಂಗುರ ಆಗತ್ತೆ. ಆಮೇಲೆ ಬೇರೆ ಕಿಣ್ವಗಳು ಆಕ್ಸಿಜನ್ ಸೇರಿಸಿ ಎರಡು ಸಕ್ಕರೆ ತಗಲಾಕ್ತವೆ. ಇದು ಪಾಲಿಕೀಟೈಡ್ ದಾರಿ. ಪೆನಿಸಿಲಿನ್‌ದು ಬೇರೆ ದಾರಿ, ಮೂರು ಅಮೈನೋ ಆಸಿಡ್‌ನ ರೈಬೋಸೋಮ್ (ಕೋಶದಲ್ಲಿ ಪ್ರೋಟೀನು ಕಟ್ಟೋ ಮಾಮೂಲಿ ಯಂತ್ರ) ಸಹಾಯ ಇಲ್ದೇನೇ ಒಂದು ದೊಡ್ಡ ಕಿಣ್ವ ಜೋಡಿಸತ್ತೆ, ಇನ್ನೊಂದು ಅದನ್ನ ಮಡಚಿ ಉಂಗುರ ಮಾಡತ್ತೆ. ಸ್ಟ್ರೆಪ್ಟೊಮೈಸಿನ್ ಈ ಎರಡೂ ಅಲ್ಲ, ಸಕ್ಕರೆಗಳನ್ನೇ ತಿದ್ದಿ ತೀಡಿ ಜೋಡಿಸಿದ್ದು. ಒಂದೊಂದು ಸರಕಿಗೆ ಬೇಕಾದ ಜೀನುಗಳು ಸಾಮಾನ್ಯವಾಗಿ ಡಿಎನ್ಎಯಲ್ಲಿ ಅಕ್ಕಪಕ್ಕ ಒಂದೇ ಗುಂಪಾಗಿ ಇರ್ತವೆ, ತನ್ನ ವಿಷದಿಂದ ತನ್ನನ್ನ ಕಾಪಾಡೋ ಸೆಲ್ಫ್ ರೆಸಿಸ್ಟೆನ್ಸ್ ಜೀನೂ ಬಹಳ ಸಲ ಅಲ್ಲೇ. ಇದು ಹೆಜ್ಜೆ 8ಕ್ಕೆ ಬೇಕಾಗತ್ತೆ.

ಇದೆಲ್ಲ ಯಾಕೆ ಕೊರೆದೆ ಅಂದ್ರೆ, ಗ್ಲೂಕೋಸು ಫಾಸ್ಫೇಟು ಧಾರಾಳವಾಗಿ ಸುರಿದ್ರೆ ಎಷ್ಟೋ ಆಂಟಿಬಯೋಟಿಕ್ ತಯಾರಿ ನಿಂತೇ ಹೋಗತ್ತೆ. ಪ್ರಾಜೆಕ್ಟ್‌ಗಳು ಕೆಡೋದು ಮಣ್ಣು ಸರಿಯಿಲ್ಲ ಅಂತಲ್ಲ, ಜೀವಿಗೆ ಅತಿಯಾಗಿ ತಿನ್ನಿಸಿ, ಮೂರೇ ದಿನಕ್ಕೆ ತೆಗೆದು, ಏನೂ ಇಲ್ಲ ಅಂತ ಬಿಸಾಕೋದ್ರಿಂದ.

ಹೆಜ್ಜೆ 1: ಮಣ್ಣು ತರೋದು

ಕಾಲ ಮುಖ್ಯ. ಜೂನಿಂದ ಸೆಪ್ಟೆಂಬರ್ ಮಳೇಲಿ ತಂದ್ರೆ ಬೂಸ್ಟು ಮತ್ತು ಬೇಗ ಬೆಳೆಯೋ ಬ್ಯಾಕ್ಟೀರಿಯಾನೇ ತುಂಬಿರತ್ತೆ. ಹೂಮಳೆಗೆ ಮುಂಚೆ, ಫೆಬ್ರವರಿ ಮಾರ್ಚಲ್ಲಿ, ಮಣ್ಣು ಒಣಗಿ ನಿಂತಾಗ ತನ್ನಿ, ಉಳಿದವು ಸತ್ತಿರ್ತವೆ ಅಥವಾ ಸೊರಗಿರ್ತವೆ, ಇವುಗಳ ಬೀಜಕಣ ಮಾತ್ರ ಗಟ್ಟಿ.

ಮೇಲಿನ ತರಗೆಲೆ ಸರಿಸಿ, 5ರಿಂದ 15 ಸೆಂಟಿಮೀಟರ್ ಆಳದಿಂದ ಒಂದು ಹಿಡಿ ಸಾಕು. ಚಮಚ ಅಥವಾ ಕುರ್ಚಿಗೆಯನ್ನ ಪ್ರತಿ ಜಾಗಕ್ಕೂ ಸ್ಪಿರಿಟ್‌ನಲ್ಲಿ ಒರೆಸಿ. ಹೊಸ ಜಿಪ್ ಕವರ್, ಮೇಲೆ ದಿನಾಂಕ, ಯಾವ ಮರದ ಬುಡ, ಸುಣ್ಣ ಹಾಕಿದ ಬ್ಲಾಕಾ ಅಲ್ವಾ ಅನ್ನೋದು ಬರೀರಿ. ಈ ಸುಣ್ಣದ ವಿಷಯ ಯಾರೂ ಬರ್ಕೊಳಲ್ಲ. ನಮ್ಮ ಕಡೆ ಮಳೆಗೆ ಮಣ್ಣು ಹುಳಿಯಾಗಿರತ್ತೆ, ಸ್ಟ್ರೆಪ್ಟೊಮೈಸಿಸ್ ಬಹುಪಾಲು ತಟಸ್ಥ ಮಣ್ಣು ಇಷ್ಟಪಡ್ತವೆ, ಹುಳಿ ಮಣ್ಣಲ್ಲಿ ಬೂಸ್ಟಿಂದೇ ಕಾರುಬಾರು. ಅದಕ್ಕೆ ಸುಣ್ಣ ಹಾಕಿದ ಬ್ಲಾಕಿಂದ ಒಂದು, ಹಾಕದೇ ಇರೋ ಅತ್ತಿಮರದ ನೆರಳಿಂದ ಒಂದು, ಹಟ್ಟಿಗೊಬ್ಬರದ ಗುಂಡಿ ಅಂಚಿಂದ ಒಂದು, ಸಾಧ್ಯ ಆದ್ರೆ ಅರಸೀಕೆರೆ ಕಡೆ ನೆಂಟರ ತೆಂಗಿನ ತೋಟದಿಂದ ಒಂದು, ಹೀಗೆ ನಾಲ್ಕು ತಂದ್ರೆ ಹೋಲಿಕೆಗೂ ಚೆನ್ನಾಗಿರತ್ತೆ.

ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಶೋಲಾ ಕಾಡಿನ ಮಣ್ಣಿಗೆ ಎಲ್ರಿಗೂ ಆಸೆ. ಅರಣ್ಯ ಇಲಾಖೆ ಅನುಮತಿ ಇಲ್ದೆ ಮೀಸಲು ಅರಣ್ಯಕ್ಕೆ ಕೈ ಹಾಕ್ಬೇಡಿ. ಸ್ವಂತ ತೋಟದ ಮಣ್ಣೇ ಸಾಕು, ಆಲ್ಬರ್ಟ್ ಶಾಟ್ಜ್ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಹಿಡಿದ ಎರಡು ತಳಿಯಲ್ಲಿ ಒಂದು ಗೊಬ್ಬರ ತುಂಬಿದ ಹೊಲದ್ದು, ಇನ್ನೊಂದು ಕೋಳಿ ಗಂಟಲಿಂದು.

ಹೆಜ್ಜೆ 2: ಒಣಗಿಸಿ, ಸುಣ್ಣ ಕೊಟ್ಟು, ಸ್ವಲ್ಪ ಬಿಸಿ ಮುಟ್ಟಿಸೋದು

ಬೇರು ಕಲ್ಲು ಆರಿಸಿ, ಜರಡಿ ಹಿಡಿದು, ಶುದ್ಧ ಪೇಪರ್ ಮೇಲೆ ತೆಳ್ಳಗೆ ಹರಡಿ ನೆರಳಲ್ಲಿ 5ರಿಂದ 7 ದಿನ ಒಣಗಿಸಿ. ಕಣದಲ್ಲಿ ಕಾಫಿ ಒಣಗಿಸಿದ ಹಾಗೆ ಬಿಸಿಲಿಗೆ ಹಾಕ್ಬೇಡಿ ಮತ್ತೆ.

ಆಮೇಲೆ 10 ಗ್ರಾಂ ಮಣ್ಣಿಗೆ 1 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕಲಸಿ, ಪೆಟ್ರಿ ಡಿಶ್‌ಗೆ ಹಾಕಿ, ಒಳಗೆ ಒದ್ದೆ ಫಿಲ್ಟರ್ ಪೇಪರ್ ಇರೋ ಮುಚ್ಚಿದ ಡಬ್ಬದಲ್ಲಿ 28 ಡಿಗ್ರೀಲಿ ಒಂದು ವಾರದಿಂದ 10 ದಿನ ಇಡಿ. ಹುಳಿ ಮುರಿದು ನಮ್ಮವುಗಳ ಸಂಖ್ಯೆ ಏರತ್ತೆ. ಲ್ಯಾಬಲ್ಲಿ ಕಾರ್ಬೊನೇಟ್ ಖಾಲಿ ಅಂತ ನಮ್ಮ ಜೂನಿಯರ್ ಒಬ್ಬ ಎಲೆಅಡಿಕೆ ಡಬ್ಬಿ ಸುಣ್ಣ ಹಾಕಿದ್ದ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಬೇರೆ ವಸ್ತು, ಪಿಎಚ್ (ಹುಳಿ-ಕ್ಷಾರದ ಅಳತೆ) ಎಲ್ಲೋ ಹಾರಿ ಪ್ಲೇಟ್ ಮೇಲೆ ಜೀವಿಯ ಒಂದು ಚುಕ್ಕೆ, ಅಂದ್ರೆ ಕಾಲೊನಿ, ಬರಲಿಲ್ಲ, ಹುಡುಗ ಎರಡು ವಾರ ಇನ್‌ಕ್ಯುಬೇಟರ್ ಬೈಕೊಂಡು ಓಡಾಡ್ದ.

ಪ್ಲೇಟ್ ಹಾಕೋ ದಿನ 1 ಗ್ರಾಂ ಮಣ್ಣನ್ನ 9 ಮಿಲಿ ಶುದ್ಧೀಕರಿಸಿದ 0.85 ಪರ್ಸೆಂಟ್ ಉಪ್ಪುನೀರಲ್ಲಿ ಚೆನ್ನಾಗಿ ಕುಲುಕಿ, 50ರಿಂದ 55 ಡಿಗ್ರಿ ವಾಟರ್ ಬಾತ್‌ನಲ್ಲಿ 6ರಿಂದ 10 ನಿಮಿಷ ಇಡಿ. ಮಾಮೂಲಿ ಬ್ಯಾಕ್ಟೀರಿಯಾ ಸುಮಾರು ಸಾಯ್ತವೆ. ಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಮಾತ್ರ ಸಾಯಲ್ಲ, ಅದರ ಬೀಜಕಣ ಇನ್ನೂ ಗಟ್ಟಿ, ಅದನ್ನ ಸಹಿಸ್ಕೊಬೇಕು. ಅದೂ ಬಡವ ಏನಲ್ಲ ಬಿಡಿ, ಬ್ಯಾಸಿಟ್ರಾಸಿನ್ ಅನ್ನೋ ಆಂಟಿಬಯೋಟಿಕ್ ಅದರ ಕುಲದ್ದೇ.

ಹೆಜ್ಜೆ 3: ಮೀಡಿಯಾ

ಮೀಡಿಯಾ ಅಂದ್ರೆ ಜೀವಿಗೆ ಕೊಡೋ ಊಟ, ಅದನ್ನ ಜೆಲ್ಲಿ ತರ ಗಟ್ಟಿ ಮಾಡೋದು ಅಗರ್. ನಮಗೆ ಬೇಕಾಗಿರೋದು ಸ್ಟಾರ್ಚ್ ಕೇಸಿನ್ ಅಗರ್. ಒಂದು ಲೀಟರಿಗೆ ಕರಗುವ ಸ್ಟಾರ್ಚ್ 10 ಗ್ರಾಂ, ಕೇಸಿನ್ 0.3 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 2, ಸೋಡಿಯಂ ಕ್ಲೋರೈಡ್ 2, ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ 2, ಮೆಗ್ನೀಸಿಯಂ ಸಲ್ಫೇಟ್ 0.05, ಕ್ಯಾಲ್ಸಿಯಂ ಕಾರ್ಬೊನೇಟ್ 0.02, ಫೆರಸ್ ಸಲ್ಫೇಟ್ 0.01, ಅಗರ್ 18 ಗ್ರಾಂ, ಪಿಎಚ್ 7.0ರಿಂದ 7.2. ಆಟೋಕ್ಲೇವ್ 121 ಡಿಗ್ರಿ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ. ಸ್ಟಾರ್ಚ್ ಯಾಕೆ ಅಂದ್ರೆ ಅದನ್ನ ಒಡೆದು ತಿನ್ನೋಕೆ ಎಲ್ರಿಗೂ ಬರಲ್ಲ, ನಮ್ಮವಕ್ಕೆ ಚೆನ್ನಾಗಿ ಬರತ್ತೆ. ನ್ಯೂಟ್ರಿಯೆಂಟ್ ಅಗರ್ ರೆಡಿ ಇದೆ ಅಂತ ಅದನ್ನೇ ಹಾಕಿದ್ರೆ ಮದುವೆಮನೆ ಊಟ ಇಟ್ಟ ಹಾಗೆ, ಬೇಗ ಬಂದವ್ರದ್ದೇ ಎಲೆ.

ಬೂಸ್ಟು ತಡೆಯೋಕೆ ಮೀಡಿಯಾ 50 ಡಿಗ್ರಿಗೆ ತಣ್ಣಗಾದ್ಮೇಲೆ ಪ್ರತಿ ಮಿಲಿಗೆ 50 ಮೈಕ್ರೋಗ್ರಾಂ ಲೆಕ್ಕದಲ್ಲಿ ನಿಸ್ಟಾಟಿನ್ ಸೇರಿಸಿ. ಸೈಕ್ಲೋಹೆಕ್ಸಿಮೈಡ್ ಕೂಡ ಆಗತ್ತೆ, ಆದ್ರೆ ಅದು ನಮಗೂ ವಿಷ, ಗ್ಲೌಸ್ ಇಲ್ದೆ ಮುಟ್ಟಬೇಡಿ. ತಮಾಷೆ ಅಂದ್ರೆ ಎರಡೂ ಸ್ಟ್ರೆಪ್ಟೊಮೈಸಿಸ್‌ನವೇ ಮಾಡಿದ ಸರಕು. ನಿಸ್ಟಾಟಿನ್ ಹಿಡಿದಿದ್ದು ಎಲಿಜಬೆತ್ ಹೇಜನ್ ಮತ್ತೆ ರೇಚಲ್ ಬ್ರೌನ್ ಅನ್ನೋ ಇಬ್ರು ಹೆಣ್ಮಕ್ಕಳು, 1950ರಲ್ಲಿ ಪ್ರಕಟಿಸಿದ್ರು, ಮಣ್ಣು ತಂದಿದ್ದು ಪರಿಚಯದವರ ಹಸು ಸಾಕೋ ಫಾರಂನಿಂದ.

ನಾಲ್ಕು ಪ್ಲೇಟ್ ಮಾತ್ರ ಪಿಎಚ್ 5.5ಕ್ಕೆ ಇಟ್ಟು ಮಾಡಿ ನೋಡಿ. ನಮ್ಮ ಹುಳಿ ಮಣ್ಣಿಗೆ ಒಗ್ಗಿಕೊಂಡಿರೋವು ಅಲ್ಲಿ ಬರ್ತವೆ, ಎಲ್ರೂ 7ರಲ್ಲೇ ಹುಡುಕೋದ್ರಿಂದ ಅವುಗಳ ಕಡೆ ನೋಡಿದವ್ರು ಕಮ್ಮಿ. ಹುಳಿ ಮೀಡಿಯಾದಲ್ಲಿ ಅಗರ್ ಸರಿಯಾಗಿ ಗಟ್ಟಿಯಾಗಲ್ಲ, 20 ಗ್ರಾಂ ಹಾಕಿ.

ಹೆಜ್ಜೆ 4: ಹರಡಿ, ಕಾಯೋದು

ಹತ್ತು ಹತ್ತು ಪಟ್ಟು ತೆಳು ಮಾಡ್ತಾ ಹೋಗಿ, ಸಾವಿರ, ಹತ್ತು ಸಾವಿರ, ಲಕ್ಷ ಪಟ್ಟು ತೆಳುವಾಗಿದ್ದರಿಂದ 0.1 ಮಿಲಿ ತೆಗೆದು ಪ್ಲೇಟ್ ಮೇಲೆ ಹರಡಿ. ಒಂದೊಂದಕ್ಕೂ ಮೂರು ಪ್ಲೇಟ್. 28 ಡಿಗ್ರಿ, 7ರಿಂದ 14 ದಿನ. ಎರಡನೇ ದಿನ ಬರೋದೆಲ್ಲ ಬೇರೆ ಜನ, ಅವುಗಳ ಹಿಂದೆ ಓಡ್ಬೇಡಿ. ಪ್ಲೇಟ್ ಒಣಗದ ಹಾಗೆ ಇನ್‌ಕ್ಯುಬೇಟರ್ ಒಳಗೆ ಒಂದು ಬೀಕರ್ ನೀರಿಡಿ. ಕರೆಂಟ್ ಹೋಗೋದು ನಮ್ಮಲ್ಲಿ ಇದ್ದಿದ್ದೇ, ಈ ಜೀವಿಗಳಿಗೆ ಅದರಿಂದ ಅಂಥ ತೊಂದ್ರೆ ಇಲ್ಲ.

ಹೆಜ್ಜೆ 5: ಗುರುತು ಹಿಡಿದು ಒಂಟಿ ಮಾಡೋದು

ಕಾಲೊನಿ ಚಿಕ್ಕದು, ಗಟ್ಟಿ, ಚರ್ಮದ ತರ. ಲೂಪ್‌ನಿಂದ ಕೆರೆದ್ರೆ ಬೆಣ್ಣೆ ತರ ಬರಲ್ಲ, ಅಗರ್ ಒಳಗೆ ಬೇರು ಬಿಟ್ಟಿರತ್ತೆ. ಮೇಲೆ ಪೌಡರ್ ಹಚ್ಚಿದ ಹಾಗೆ ಬಿಳಿ, ಬೂದಿ, ಕೆಲವು ಸಲ ಗುಲಾಬಿ ಅಥವಾ ಹಳದಿ. ಅಡಿಯಿಂದ ನೋಡಿದ್ರೆ ಬೇರೆ ಬಣ್ಣ, ಒಂದೊಂದು ಸಲ ಬಣ್ಣ ಅಗರ್‌ಗೆ ಹರಡಿರತ್ತೆ. ಮಣ್ಣಿನ ವಾಸನೆ ಮುಚ್ಚಳ ತೆಗೆದಾಗ ತಾನಾಗೇ ಬರತ್ತೆ, ಮೂಗು ಹತ್ರ ಹಿಡಿದು ಮೂಸಬೇಡಿ, ಹಳೇ ಮೇಷ್ಟ್ರುಗಳು ಮೂಸಿ ತೋರಿಸ್ತಿದ್ರು, ಕೆಟ್ಟ ಅಭ್ಯಾಸ.

ಸೂಜಿ ತುದಿಯಿಂದ ಪೌಡರ್ ಮುಟ್ಟಿ, ಲೀಟರಿಗೆ ಯೀಸ್ಟ್ ಎಕ್ಸ್‌ಟ್ರಾಕ್ಟ್ 4 ಗ್ರಾಂ, ಮಾಲ್ಟ್ ಎಕ್ಸ್‌ಟ್ರಾಕ್ಟ್ 10, ಡೆಕ್ಸ್‌ಟ್ರೋಸ್ 4, ಅಗರ್ 20 ಇರೋ ಮೀಡಿಯಾಗೆ ಗೆರೆ ಎಳೀರಿ. ಮೂರು ಸಲ ಹೀಗೆ ದಾಟಿಸಿದ್ರೆ ಶುದ್ಧ. ಹೆಸರು ಕೊಡಿ, ನನ್ನವು ಅತ್ತಿ-1, ಅತ್ತಿ-2 ಅಂತ ಇದ್ವು. ಬೀಜಕಣವನ್ನ 20 ಪರ್ಸೆಂಟ್ ಗ್ಲಿಸರಾಲ್‌ನಲ್ಲಿ ಮೈನಸ್ 20ರಲ್ಲಿ ಅವತ್ತೇ ಇಟ್ಬಿಡಿ. ಮೇಲಿಂದ ಮೇಲೆ ಬೆಳೆಸ್ತಾ ಇದ್ರೆ ಕೆಲವು ಆಂಟಿಬಯೋಟಿಕ್ ಮಾಡೋದನ್ನೇ ಬಿಟ್ಬಿಡ್ತವೆ, ಇವುಗಳ ಕ್ರೋಮೋಸೋಮ್ ತುದಿಗಳು ಕಳಚಿ ಹೋಗೋದು ಮಾಮೂಲು.

ನೋಟ್‌ಬುಕ್ಕಲ್ಲಿ ದಿನಾಂಕ ಹಾಕಿ ಬರೀರಿ. ಶಾಟ್ಜ್ 1943ರ ಅಕ್ಟೋಬರ್ 19ಕ್ಕೆ ಬರೆದಿಟ್ಟ ಪುಟ ಆಮೇಲೆ ಕೋರ್ಟ್ ಜಗಳಕ್ಕೆ ಬೇಕಾಯ್ತು, 1950ರಲ್ಲಿ ಸಹಸಂಶೋಧಕ ಅಂತ ಒಪ್ಪಿಸ್ಕೊಂಡ, 1952ರ ನೊಬೆಲ್ ಮಾತ್ರ ಅವನ ಮೇಷ್ಟ್ರು ವ್ಯಾಕ್ಸ್‌ಮನ್ ಒಬ್ಬರಿಗೇ ಹೋಯ್ತು.

ಹೆಜ್ಜೆ 6: ಕೆಲಸ ಮಾಡತ್ತಾ ನೋಡೋದು

ಮೊದಲು ಕ್ರಾಸ್ ಸ್ಟ್ರೀಕ್. ಪ್ಲೇಟ್ ಮಧ್ಯ ನಮ್ಮ ಜೀವಿಯ ಒಂದು ದಪ್ಪ ಗೆರೆ, 5ರಿಂದ 7 ದಿನ ಬೆಳೆಯೋಕೆ ಬಿಡಿ, ಆಮೇಲೆ ಅದಕ್ಕೆ ಅಡ್ಡವಾಗಿ ಟೆಸ್ಟ್ ಬ್ಯಾಕ್ಟೀರಿಯಾ ಗೆರೆಗಳು, ಒಂದು ದಿನ ಇಟ್ಟು ನೋಡಿ. ಗೆರೆ ಹತ್ತಿರ ಬರದೇ ದೂರದಲ್ಲೇ ನಿಂತಿದ್ರೆ ಏನೋ ಇದೆ ಅಂತ. ಟೆಸ್ಟ್‌ಗೆ ಬ್ಯಾಸಿಲಸ್ ಸಬ್ಟಿಲಿಸ್ ಮತ್ತೆ ನಿರುಪದ್ರವಿ ಇ. ಕೋಲೈ ಕೆ-12 ಸಾಕು. ಆಸ್ಪತ್ರೆಯಿಂದ ಸ್ಟೆಫೈಲೊಕಾಕಸ್ ತಂದು ಮಾಡ್ತೀವಿ, ಸಂಶೋಧನಾ ಪೇಪರಿಗೆ ತೂಕ ಬರತ್ತೆ ಅನ್ನೋರು ಇದಾರೆ, ಅದಕ್ಕೆ ತಕ್ಕ ಸುರಕ್ಷತೆ ಇಲ್ದೇ ಇರೋ ಲ್ಯಾಬಲ್ಲಿ ಅದು ಹುಚ್ಚಾಟ.

ಆಮೇಲೆ ಅಗರ್ ಪ್ಲಗ್. ಬೆಳೆದ ಪ್ಲೇಟಿಂದ 6 ಮಿಲಿಮೀಟರ್ ಬಿಲ್ಲೆ ಕೊರೆದು, ಟೆಸ್ಟ್ ಬ್ಯಾಕ್ಟೀರಿಯಾ ಹರಡಿದ ಮುಲ್ಲರ್ ಹಿಂಟನ್ ಅಗರ್ ಮೇಲಿಟ್ಟು, ಫ್ರಿಜ್ಜಲ್ಲಿ ಎರಡು ಗಂಟೆ ವಸ್ತು ಹರಡೋಕೆ ಬಿಟ್ಟು, 37 ಡಿಗ್ರೀಲಿ ಒಂದು ರಾತ್ರಿ. ಸುತ್ತ ಖಾಲಿ ವೃತ್ತ ಎಷ್ಟು ಮಿಲಿಮೀಟರ್ ಅಂತ ಅಳೀರಿ. ಬಿಲ್ಲೆಯನ್ನ 4ನೇ ದಿನ, 7ನೇ ದಿನ, 10ನೇ ದಿನ, ಹೀಗೆ ಬೇರೆ ಬೇರೆ ವಯಸ್ಸಿಂದ ತಗೊಳ್ಳಿ. ನನ್ನ ಅತ್ತಿ-3 ನಾಲ್ಕನೇ ದಿನ ಸೊನ್ನೆ, ಹತ್ತನೇ ದಿನ 19 ಮಿಲಿಮೀಟರ್. ಮೊದಲ ಸಲ ನಾಲ್ಕನೇ ದಿನ ಮಾತ್ರ ನೋಡಿ ಅದನ್ನ ಬಿಸಾಕೋ ಲಿಸ್ಟಿಗೆ ಸೇರಿಸಿದ್ದೆ.

ಬ್ಯಾಸಿಲಸ್ ಸಾಯತ್ತೆ, ಇ. ಕೋಲೈ ಅಲುಗಲ್ಲ ಅನ್ನೋದೇ ಜಾಸ್ತಿ ಕಾಣೋದು. ಇ. ಕೋಲೈಗೆ ಹೊರಗೊಂದು ಪೊರೆ ಜಾಸ್ತಿ ಇದೆ, ದೊಡ್ಡ ಅಣುಗಳು ಒಳಗೆ ನುಗ್ಗಲ್ಲ. ಎರಡಕ್ಕೂ ವೃತ್ತ ಬಂದ್ರೆ ಖುಷಿ ಪಡೋಕೆ ಮುಂಚೆ ಪಿಎಚ್ ನೋಡಿ, ಬರೀ ಆಸಿಡ್ ಬಿಟ್ಟಿದ್ರೂ ವೃತ್ತ ಬರತ್ತೆ.

ಹೆಜ್ಜೆ 7: ನೀರಲ್ಲಿ ಬೆಳೆಸಿ ಸಾರ ತೆಗೆಯೋದು

ಮೊದ್ಲು 2ರಿಂದ 3 ದಿನದ ಬೀಜದ ಕಲ್ಚರ್ (ಹೆಪ್ಪಿನ ತರ ಸ್ವಲ್ಪ ಮುಂಚೆ ಬೆಳೆಸಿಟ್ಟ ಜೀವಿ), ಅದ್ರಿಂದ 5 ಪರ್ಸೆಂಟನ್ನ 250 ಮಿಲಿ ಫ್ಲಾಸ್ಕಲ್ಲಿರೋ 50 ಮಿಲಿ ಮೀಡಿಯಾಗೆ ಹಾಕಿ, 28 ಡಿಗ್ರಿ, ನಿಮಿಷಕ್ಕೆ 180ರಿಂದ 200 ಸುತ್ತು, 7 ದಿನ. ಫ್ಲಾಸ್ಕ್ ತುಂಬ ತುಂಬಿಸ್ಬೇಡಿ, ಗಾಳಿ ಬೇಕು. ಬೆಳವಣಿಗೆ ಹಾಲು ಒಡೆದ ಹಾಗೆ ಉಂಡೆ ಉಂಡೆ ಇರತ್ತೆ, ಕೆಟ್ಟೋಯ್ತು ಅಂದ್ಕೊಬೇಡಿ, ಅದೇ ಸರಿ. ಇಡೀ ಫ್ಲಾಸ್ಕ್ ಸಮವಾಗಿ ಮಂಜು ಮಂಜಾಗಿದ್ರೆ ಅದು ಕೆಟ್ಟಿರೋದು.

ಅತ್ತಿ-3ನ್ನ ಗ್ಲೂಕೋಸ್ ಜಾಸ್ತಿ ಇರೋ ಮೀಡಿಯಾದಲ್ಲಿ ಬೆಳೆಸಿದಾಗ ಉಂಡೆಗಳು ದಷ್ಟಪುಷ್ಟವಾಗಿ ಬಂದ್ವು, ಸಾರದಲ್ಲಿ ಏನೂ ಇರಲಿಲ್ಲ. ಸ್ಟಾರ್ಚು ಸೋಯಾ ಹಿಟ್ಟಿನ ಮೀಡಿಯಾದಲ್ಲಿ ಸೊರಗಿದ ಹಾಗೆ ಕಂಡ್ರೂ ಅದರ ಸಾರವೇ ಬ್ಯಾಸಿಲಸ್ ಕೊಂದಿದ್ದು. ಅದಕ್ಕೆ ಕನಿಷ್ಠ ಮೂರು ಮೀಡಿಯಾ ಒಟ್ಟಿಗೆ ಇಡಿ.

ಎಳೆಗಳನ್ನ ಸೋಸಿ, ದ್ರವಕ್ಕೆ ಸಮ ಪ್ರಮಾಣ ಎಥೈಲ್ ಅಸಿಟೇಟ್ ಹಾಕಿ ಸೆಪರೇಟಿಂಗ್ ಫನಲ್‌ನಲ್ಲಿ ಕುಲುಕಿ, ಮಧ್ಯೆ ಮಧ್ಯೆ ಗಾಳಿ ಬಿಡಿ, ಫ್ಯೂಮ್ ಹುಡ್ ಒಳಗೆ, ಬೆಂಕಿ ಹತ್ರ ಇರ್ಬಾರ್ದು. ಮೇಲಿನ ಪದರ ಆವಿ ಮಾಡಿ, ಉಳಿದ ಜಿಡ್ಡನ್ನ ಸ್ವಲ್ಪ ಮೆಥನಾಲ್‌ನಲ್ಲಿ ಕರಗಿಸಿ ಪೇಪರ್ ಡಿಸ್ಕಿಗೆ ಹಾಕಿ, ಪೂರ್ತಿ ಒಣಗಿಸಿ ಟೆಸ್ಟ್ ಮಾಡಿ. ಜೊತೆಗೆ ಬರೀ ಮೆಥನಾಲ್ ಡಿಸ್ಕು, ಜೀವಿ ಹಾಕದೇ ಇರೋ ಮೀಡಿಯಾದ ಸಾರದ ಡಿಸ್ಕು, ಎರಡೂ ಇರ್ಲೇಬೇಕು, ಇಲ್ಲದಿದ್ರೆ ಆ ರಿಸಲ್ಟಿಗೆ ಬೆಲೆ ಇಲ್ಲ. ಸ್ಟ್ರೆಪ್ಟೊಮೈಸಿನ್ ತರದ್ದು ನೀರಲ್ಲೇ ಉಳ್ಕೊಳ್ಳತ್ತೆ, ಎಥೈಲ್ ಅಸಿಟೇಟಿಗೆ ಬರಲ್ಲ, ಹಾಗಾಗಿ ಕೆಳಗಿನ ನೀರನ್ನ ಚೆಲ್ಲೋಕೆ ಮುಂಚೆ ಅದನ್ನೂ ಟೆಸ್ಟ್ ಮಾಡಿ.

ಹೆಜ್ಜೆ 8: ಹೊಸದಾ, ಹಳೇದಾ

ಹಳೇದಾಗಿರೋ ಸಾಧ್ಯತೆನೇ ಜಾಸ್ತಿ. ಮಣ್ಣಿಂದ ಹಿಡಿದ ಇಂಥ ನೂರು ಜೀವಿಗಳಲ್ಲಿ ಒಂದಾದ್ರೂ ಸ್ಟ್ರೆಪ್ಟೊಮೈಸಿನ್ ಮಾಡತ್ತೆ, ಸ್ಟ್ರೆಪ್ಟೊಥ್ರಿಸಿನ್ ಅನ್ನೋ ಇನ್ನೊಂದು ಆಂಟಿಬಯೋಟಿಕ್ ಅಂತೂ ಇನ್ನೂ ಮಾಮೂಲು. ದೊಡ್ಡ ಕಂಪನಿಗಳು ಈ ಹುಡುಕಾಟ ಕೈಬಿಟ್ಟಿದ್ದಕ್ಕೆ ಸಿಕ್ಕಿದ್ದೇ ಸಿಗ್ತಿದೆ ಅನ್ನೋದೂ ಒಂದು ಕಾರಣ.

ಬ್ಯಾಕ್ಟೀರಿಯಾ ಗುರುತಿಸೋಕೆ ಬಳಸೋ 16 ಎಸ್ ಅನ್ನೋ ಜೀನನ್ನ ಸೀಕ್ವೆನ್ಸ್ ಮಾಡಿಸಿದ್ರೆ (ಅಕ್ಷರ ಅಕ್ಷರ ಓದಿಸಿದ್ರೆ) ಯಾವ ಕುಲ ಅಂತ ಗೊತ್ತಾಗತ್ತೆ, ಏನು ಮಾಡತ್ತೆ ಅಂತ ಗೊತ್ತಾಗಲ್ಲ, ಒಂದೇ ಜಾತಿಯ ಎರಡು ತಳಿ ಬೇರೆ ಬೇರೆ ಸರಕು ಮಾಡ್ಬೋದು. ಸಾರದಲ್ಲಿರೋ ವಸ್ತುಗಳನ್ನ ಬೇರೆ ಬೇರೆ ಮಾಡಿ ತೋರಿಸೋ ತೆಳು ಪದರ ಕ್ರೊಮಟೋಗ್ರಫಿ ಮಾಡಿ ಗೊತ್ತಿರೋ ಆಂಟಿಬಯೋಟಿಕ್ ಪಕ್ಕ ಓಡಿಸಿ ನೋಡೋದು ಅಗ್ಗದ ದಾರಿ. ದುಡ್ಡಿದ್ರೆ ಅಣುವಿನ ತೂಕ ಅಳೆಯೋ ಮಾಸ್ ಸ್ಪೆಕ್ಟ್ರೋಮೆಟ್ರಿ. ಇಡೀ ಜೀನೋಮ್ ಸೀಕ್ವೆನ್ಸ್ ಮಾಡಿಸಿದ್ರೆ ಆಂಟಿಸ್ಮ್ಯಾಶ್ ಅನ್ನೋ ಉಚಿತ ತಂತ್ರಾಂಶಕ್ಕೆ ಹಾಕಿ, ಅಕ್ಕಪಕ್ಕ ಗುಂಪಾಗಿರ್ತವೆ ಅಂದೆನಲ್ಲ, ಆ ಜೀನ್ ಗುಂಪುಗಳನ್ನ ಅದು ತೋರಿಸತ್ತೆ. ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಜೀನೋಮನ್ನ 2002ರಲ್ಲಿ ಓದಿದಾಗ ಸುಮಾರು 87 ಲಕ್ಷ ಅಕ್ಷರ, 7,825 ಜೀನು, ಅದ್ರಲ್ಲಿ 20ಕ್ಕೂ ಜಾಸ್ತಿ ಇಂಥ ಗುಂಪು ಸಿಕ್ವು. ಅಲ್ಲಿವರೆಗೆ ಆ ಜೀವಿ ಮಾಡೋದು ನಾಲ್ಕಾರು ಸರಕು ಅಂತಷ್ಟೇ ಗೊತ್ತಿತ್ತು. ಉಳಿದವು ಲ್ಯಾಬಿನ ಊಟದಲ್ಲಿ ಸುಮ್ನೆ ಮಲಗಿರ್ತವೆ, ಪಕ್ಕದಲ್ಲಿ ಇನ್ನೊಂದು ಬ್ಯಾಕ್ಟೀರಿಯಾ ಬೆಳೆಸಿದ್ರೋ, ಮೀಡಿಯಾ ಬದಲಿಸಿದ್ರೋ ಕೆಲವು ಏಳ್ತವೆ. ನಿಮ್ಮ ಬಿಸಾಕೋ ಲಿಸ್ಟಲ್ಲಿರೋ ತಳಿಗಳನ್ನ ಹೀಗೆ ಜೋಡಿ ಕಟ್ಟಿ ಇನ್ನೊಂದ್ಸಲ ಟೆಸ್ಟ್ ಮಾಡಿ.

ನನ್ನ ಅತ್ತಿ-3 ಮಾಡ್ತಿದ್ದದ್ದು ತೆಳು ಪದರದಲ್ಲಿ ಆಕ್ಟಿನೋಮೈಸಿನ್ ಜೊತೆ ಸರಿಸಮ ಓಡ್ತು, ಅದೇ ಕಿತ್ತಳೆ ಬಣ್ಣ. 1940ರಲ್ಲೇ ವ್ಯಾಕ್ಸ್‌ಮನ್ ತಂಡ ಹಿಡಿದ ಸರಕು, ಕ್ಯಾನ್ಸರ್ ಔಷಧಿಯಾಗಿ ಬಳಸ್ತಾರೆ, ಡಿಎನ್ಎಗೇ ಅಂಟಿಕೊಳ್ಳೋವಷ್ಟು ವಿಷ. ಆ ಜಿಡ್ಡನ್ನ ನಾನು ಅಲ್ಲಿವರೆಗೆ ಗ್ಲೌಸ್ ಇಲ್ದೇ ಮುಟ್ಟುತಿದ್ದೆ. ಹಾಗಾಗಿ ಗೊತ್ತಿಲ್ಲದ ಸಾರವನ್ನ ಕೈಗೆ, ಗಾಯಕ್ಕೆ, ದನದ ಕೆಚ್ಚಲಿಗೆ, ಕಾಫಿ ಗಿಡಕ್ಕೆ ಹಚ್ಚಿ ನೋಡೋಣ ಅಂತ ಯಾರಾದ್ರೂ ಕೇಳಿದ್ರೆ ಕೊಡ್ಬೇಡಿ, ಕೆಲಸ ಮುಗಿದ ಪ್ಲೇಟು ಫ್ಲಾಸ್ಕು ಎಲ್ಲ 121 ಡಿಗ್ರೀಲಿ ಅರ್ಧ ಗಂಟೆ ಆಟೋಕ್ಲೇವ್ ಆಗಿ ಆಮೇಲೆ ಕಸಕ್ಕೆ, ಉಳಿದ ಸಾರ ಎಥೈಲ್ ಅಸಿಟೇಟು ಸಿಂಕಿಗೆ ಸುರೀದೆ ಲೇಬಲ್ ಹಾಕಿದ ಬಾಟ್ಲಿಗೆ.